ನಾಲ್ಕು ಹಿಡಿಕೆಯ ಬಂಪರು

ಮೋಟಾರು ವಾಹನ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ನನ್ನ ಜೀಪನ್ನು ಹೋದ ಶುಕ್ರವಾರದಿಂದ ನಿಮ್ಮ ಅಂಗಳದಲ್ಲಿ ಹಿಡಿದಿಟ್ಟಿದ್ದೀರಿ. ಅದು ಯಾರಿಗೂ ಗುದ್ದಿಲ್ಲ, ಕಳ್ಳಮಾಲು ಸಾಗಿಸಿಲ್ಲ. ಅದರ ಮುಂದೆ ನಾನೇ ಮಾಡಿಸಿದ ಬಂಪರು ಇತ್ತೆಂಬುದೊಂದೇ ಅಪರಾಧ. "ಕಂಪನಿಯದಲ್ಲದ, ಅನವಶ್ಯಕವಾಗಿ ಹೊರಚಾಚಿದ ವಸ್ತು" ಎಂದು ನಿಮ್ಮ ಇನ್‌ಸ್ಪೆಕ್ಟರರು ಬರೆದಿದ್ದಾರೆ. ಅರ್ಜಿಯನ್ನು ಒಳಗೆ ಯಾರೂ ಮುಟ್ಟದ ಕಾರಣ ಈ ಪತ್ರವನ್ನು ನಿಮ್ಮ ಗೇಟಿಗೇ ಅಂಟಿಸುತ್ತಿದ್ದೇನೆ.

ಪವಾಯಿಯಲ್ಲಿ ಏಳುತ್ತಿರುವ ಹೊಸ ವಿದ್ಯಾಲಯದ ಕೂಲಿಗಳಿಗೆ ಊಟ ಹಾಕುವ ಉಡುಪಿಯವನು ನಾನು. ಮಿಲಿಟರಿ ಹರಾಜಿನಲ್ಲಿ ಜೀಪು ಸಿಕ್ಕಾಗ ಅದಕ್ಕೆ ಬಂಪರೇ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ದಾರಿ ಉತ್ತ ಗದ್ದೆ. ಹೂತ ಜೀಪನ್ನು ಎಲ್ಲಿ ಹಿಡಿದು ಎತ್ತುವುದು? ಬೈಕುಲ್ಲಾದಲ್ಲಿ ನಾನು ಮುಚ್ಚಿದ ಹೋಟೆಲಿನ ಉದ್ದನೆಯ ದೋಸೆ ಕಾವಲಿಯನ್ನು ಕಮ್ಮಾರ ಚೆನ್ನಯನಿಗೆ ಕೊಟ್ಟೆ. ಎರಡು ತುದಿಗೂ ಎರಡೆರಡು ಹಿಡಿಕೆ ಬೆಸೆಯಲು ಹೇಳಿದೆ, ಸಾರಿನ ಕೊಪ್ಪರಿಗೆಗೆ ಇರುವಂಥವು. ಭಾರದ ವಸ್ತುವಿಗೆ ಹಿಡಿಕೆಯಿಲ್ಲದಿದ್ದರೆ ಹೋಟೆಲಿನವನಿಗೆ ಸಮಾಧಾನವಿಲ್ಲ.

"ಎಂತ ಧನಿಗಳೇ, ಜೀಪನ್ನು ಒಲೆಯಿಂದ ಇಳಿಸ್ಲಿಕ್ಕುಂಟಾ?" ಎಂದು ಚೆನ್ನಯ ನಕ್ಕಿದ್ದ. ನಿಮ್ಮವರು 'ಅನವಶ್ಯಕ' ಎಂದದ್ದು ಆ ಹಿಡಿಕೆಗಳನ್ನೇ. ಈ ಮಳೆಯಲ್ಲಿ ಅವನ್ನು ಹಿಡಿದು ಎಷ್ಟು ಸಲ ಜೀಪು ಎತ್ತಿದ್ದೇವೋ ಲೆಕ್ಕವಿಲ್ಲ.

"ಕಂಪನಿ ಕಾ ಬಂಪರ್ ಲೇಕೆ ಆವ್" ಎಂದು ನಿಮ್ಮ ಗುಮಾಸ್ತರು ಕಂಪನಿಯದೇ ಬಂಪರು ತರಲು ಹೇಳಿದರು. ಕಂಪನಿ ಅಮೆರಿಕದಲ್ಲಿದೆ. ಶನಿವಾರ ಆಮದಿನ ಕಚೇರಿಗೆ ಓಡಿದೆ. ವಿದೇಶಿ ಮಾಲಿಗೆ ಪರವಾನಗಿಯಿಲ್ಲ, ಇಲ್ಲೇ ಮಾಡಿಸಿಕೊಳ್ಳಿ ಎಂದರು. ಇಲ್ಲೇ ಮಾಡಿಸಿದ್ದಕ್ಕಲ್ಲವೇ ಸ್ವಾಮಿ, ನಾನು ಸಿಕ್ಕಿಬಿದ್ದದ್ದು? ತರಿಸುವಂತಿಲ್ಲ, ಮಾಡಿಸುವಂತಿಲ್ಲ. ಬಂಪರೇನು ಗಿಡದಲ್ಲಿ ಬಿಡುತ್ತದೆಯೇ?

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ಹೆಂಡತಿ ಶೀಲಾವತಿಗೆ ಕ್ಷಯ. ಸೋಮವಾರ, ಗುರುವಾರ ಪರೇಲಿನ ಆಸ್ಪತ್ರೆಯಲ್ಲಿ ಸೂಜಿ. ತಪ್ಪಿಸಿದರೆ ಔಷಧ ಹಿಡಿಯುವುದಿಲ್ಲವೆಂದು ಡಾಕ್ಟರು ಗದರಿದ್ದಾರೆ. ಅವಳಿಗೆ ಹತ್ತು ಹೆಜ್ಜೆ ನಡೆಯುವ ಶಕ್ತಿಯಿಲ್ಲ, ಈ ಕೆಸರಿಗೆ ಟ್ಯಾಕ್ಸಿ ಬರುವುದಿಲ್ಲ.

ನಿಮ್ಮವರು ಜೀಪು ಇಟ್ಟುಕೊಂಡು ಬಂಪರನ್ನು ಕಳಚಿ, ರಸೀದಿ ಸಮೇತ ನನಗೆ ಕೊಟ್ಟಿದ್ದರು. ನಿನ್ನೆ ಸೋಮವಾರ ಅದನ್ನು ನೆಲಕ್ಕೆ ಮಲಗಿಸಿ, ಮೇಲೊಂದು ಕುರ್ಚಿ ಕಟ್ಟಿ, ಅವಳನ್ನು ಕೂರಿಸಿದೆವು. ನಾಲ್ಕು ಹಿಡಿಕೆ, ನಾಲ್ಕು ಜನ. ಪರೇಲಿನ ರೈಲು ಹತ್ತಿಸಲು ವಿಕ್ರೋಳಿ ಸ್ಟೇಷನ್ನಿನ ತನಕ ಹೊತ್ತೆವು.

"ಮದುವೆಯಲ್ಲಿ ಸಹ ನನ್ನನ್ನು ಹೀಗೆ ಹೊತ್ತಿರ್ಲಿಲ್ಲ. ಇಳಿಸಿ ಮಾರಾಯ್ರೆ, ನಾಚಿಕೆ ಆಗ್ತದೆ" ಎಂದಳು. ನಗುತ್ತಲೇ ಹೇಳಿದಳು, ಆಮೇಲೆ ಕೆಮ್ಮು ನಿಲ್ಲಲಿಲ್ಲ. ದಾರಿಯಲ್ಲಿ ನಮ್ಮ ಅಡುಗೆಯ ದೂಜ ಜಾರಿಬಿದ್ದು ಕಾಲು ಉಳುಕಿಸಿಕೊಂಡ. ಉಳಿದ ಮೂವರೇ ಅಲ್ಲಲ್ಲಿ ಇಳಿಸಿಕೊಳ್ಳುತ್ತ ಹೊತ್ತು ಸಾಗಿದೆವು. ಸೂಜಿಯ ಕಿಟಕಿ ಹನ್ನೊಂದಕ್ಕೆ ಮುಚ್ಚುತ್ತದೆ. ನಾವು ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂಕಾಲು. ಅವಳನ್ನು ಹಾಗೆಯೇ ವಾಪಸು ತಂದೆ. ನನಗೆ ಹೆದರಿಕೆಯಾಗಿದೆ, ಸ್ವಾಮಿ. ಗೇಟಿನ ಮುಂದೆ ನಿಂತು ಹೇಳಲು ಸಂಕೋಚವೇನೂ ಇಲ್ಲ.

ಬಂಪರು ಬೇಡವೆಂದರೆ ಬೇಡ, ಬೋಳು ಜೀಪನ್ನೇ ನಾಳೆ ಸಂಜೆಯೊಳಗೆ ಬಿಟ್ಟುಕೊಡಿ. ಅದಕ್ಕೂ ಕಾನೂನು ಅಡ್ಡ ಬಂದರೆ, ಗುರುವಾರ ಬೆಳಗ್ಗೆ ಏಳಕ್ಕೆ ತಾವೇ ಪವಾಯಿಗೆ ದಯಮಾಡಿಸಿ. ದೂಜ ಎದ್ದಿಲ್ಲ. ನಾವು ಮೂವರಿದ್ದೇವೆ, ನಾಲ್ಕನೆಯ ಹಿಡಿಕೆ ಖಾಲಿಯಿದೆ.

ಇಂತಿ,
ಬಂಪರು ಉಳಿಸಿಕೊಂಡು ಜೀಪು ಕಳೆದುಕೊಂಡ
ಅಣ್ಣು, ಕೂಲಿಗಳ ಕ್ಯಾಂಟೀನು, ಪವಾಯಿ
ಮಂಗಳವಾರ, 14 ಜುಲೈ 1959