ಹೆಲ್ಮೆಟ್ ನನ್ನ ಅಂಗಡಿಯಲ್ಲಿದೆ, ನೀವೇ ಬಂದು ತೆಗೆದುಕೊಂಡು ಹೋಗಿ

ಮಾನ್ಯ ಕ್ರೀಡಾ ನಿರ್ದೇಶಕರೇ,

ಶಾಲೆಯ ಆಸ್ತಿಯಾದ ಹೆಲ್ಮೆಟ್ಟೊಂದನ್ನು ನಾನು ಅಕ್ರಮವಾಗಿ ಇಟ್ಟುಕೊಂಡಿದ್ದೇನೆ, ಅದನ್ನು ಕೂಡಲೇ ಹಿಂದಿರುಗಿಸಬೇಕು ಎಂದು ನಿಮ್ಮ ಕಚೇರಿಯಿಂದ ಹೊರಟ ಸೂಚನೆ ನನಗೆ ತಲುಪಿದೆ. ಅದೇ ಲಕೋಟೆಯಲ್ಲಿ ಒಂದು ಆಮಂತ್ರಣವೂ ಇತ್ತು. ಫುಟ್‌ಬಾಲ್ ತಂಡದ ವರ್ಷಾಂತ್ಯದ ಔತಣಕೂಟದಲ್ಲಿ ನನ್ನ ಮಗ ಗ್ಯಾರೆಟ್‌ಗೆ 'ಉಕ್ಕಿನ ಎದೆ' ಪ್ರಶಸ್ತಿ ಕೊಡುತ್ತೀರಂತೆ, ಹೆತ್ತವಳಾಗಿ ನಾನು ವೇದಿಕೆಯ ಮೇಲೆ ಅವನ ಪಕ್ಕದಲ್ಲಿ ನಿಲ್ಲಬೇಕಂತೆ. ಒಂದೇ ಅಂಚೆಚೀಟಿಯ ಖರ್ಚಿನಲ್ಲಿ ತಾಯಿಯನ್ನು ಕಳ್ಳಿಯನ್ನಾಗಿಯೂ ಮಗನನ್ನು ವೀರನನ್ನಾಗಿಯೂ ಮಾಡಿದ ನಿಮ್ಮ ಮಿತವ್ಯಯಕ್ಕೆ ತಲೆಬಾಗಿದೆ. ಆದರೆ ಆ ಹೆಲ್ಮೆಟ್ಟನ್ನು ನನ್ನ ಕೈಗೆ ತಂದುಕೊಟ್ಟ ಎಲಿಸಿಯೋ ಬರೇರಾ ಎಂಬ ಹುಡುಗನನ್ನು 'ಚಾರಿತ್ರ್ಯದ ಕೊರತೆ'ಯ ಕಾರಣ ಕೊಟ್ಟು ತಂಡದಿಂದ ಹೊರಹಾಕಿದ್ದೀರಲ್ಲ, ಅದರ ಬಗ್ಗೆ ಎರಡರಲ್ಲೂ ಒಂದಕ್ಷರ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಇದನ್ನು ಊರಿಗೆಲ್ಲ ಸಾರದೆ ನಿಮಗೊಬ್ಬರಿಗೇ ಬರೆಯಬಹುದಿತ್ತು ಎಂದು ನೀವು ಹೇಳಬಹುದು. ಹೇಗೆ ಬರೆಯಲಿ? ನಮ್ಮ ಹಾರ್ಲನ್ ಸ್ವಿಚ್ ಊರಿನ ಶಾಲೆಯಲ್ಲಿ ಕ್ರೀಡಾ ನಿರ್ದೇಶಕರೂ ನೀವೇ, ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಕೂಡ ನೀವೇ. ಕೋಚ್ ಮೇಲೆ ದೂರಿದ್ದರೆ ನಿರ್ದೇಶಕರಿಗೆ ಕೊಡಬೇಕು. ನಿರ್ದೇಶಕರು ಕೋಚನ್ನು ಕರೆದು ವಿಚಾರಿಸುತ್ತಾರೆ. ಬೆಳಿಗ್ಗೆ ಗಡ್ಡ ಹೆರೆಯುವ ಹೊತ್ತಿಗೆ ಕನ್ನಡಿಯ ಮುಂದೆ ಇಬ್ಬರೂ ಒಮ್ಮತಕ್ಕೆ ಬಂದಿರುತ್ತಾರೆ. ಅದಕ್ಕೇ ನಮ್ಮೂರಿನ ವಾರಪತ್ರಿಕೆಯವರನ್ನು ಕೇಳಿಕೊಂಡೆ. ಹತ್ತಿಯ ಧಾರಣೆಯ ಪಕ್ಕದಲ್ಲಿ ಜಾಗವಿದೆ ಎಂದರು.

ಮೊದಲೇ ಹೇಳಿಬಿಡುತ್ತೇನೆ, ಹೆಲ್ಮೆಟ್ ತೊಟ್ಟು ಒಬ್ಬರ ಮೇಲೊಬ್ಬರು ನುಗ್ಗಿ ಆಡುವ ನಮ್ಮ ಈ ಅಮೆರಿಕನ್ ಫುಟ್‌ಬಾಲ್‌ಗೆ ನಾನು ವೈರಿಯಲ್ಲ. ನನ್ನ ಗಂಡ ರಾಯ್ಸ್ ಇದೇ ಮೈದಾನದಲ್ಲಿ ಆಡಿದವನು, ಇಂದಿಗೂ ಮಳೆ ಬರುವ ಮುನ್ಸೂಚನೆಯನ್ನು ಅವನ ಮಂಡಿಯಿಂದಲೇ ತಿಳಿಯುತ್ತೇವೆ. ಊರಿನಲ್ಲಿ ನನ್ನದು ಕ್ಷೌರದಂಗಡಿ. ಪ್ರತಿ ವರ್ಷ ಮೊದಲ ಪಂದ್ಯದ ಹಿಂದಿನ ದಿನ ಇಡೀ ತಂಡ ನನ್ನಲ್ಲಿಗೆ ಬಂದು, ತಲೆಯ ಎರಡೂ ಬದಿ ಬೋಳಿಸಿಕೊಂಡು, ನಡುವೆ ಹುಂಜದ ಜುಟ್ಟು ಬಿಡಿಸಿಕೊಂಡು ಹೋಗುತ್ತದೆ. ಶುಕ್ರವಾರ ಸಂಜೆ ಅಂಗಡಿ ಮುಚ್ಚಿ, ಮೈದಾನದ ತಿಂಡಿ ಕಿಟಕಿಯಲ್ಲಿ ನಿಂತು, ತಂಡದ ನಿಧಿಗಾಗಿ ನಾಚೋಸ್ ಚಿಪ್ಸ್ ಮೇಲೆ ಬಿಸಿ ಚೀಸ್ ಸುರಿಯುವವಳು ನಾನೇ. ನಿಮ್ಮ ಹೊಸ ಸ್ಕೋರ್ ಬೋರ್ಡಿನಲ್ಲಿ ನನ್ನ ಚೀಸ್‌ನ ಪಾಲೂ ಇದೆ. ಈ ಆಟ ನನ್ನ ಮಗನಿಗೆ ಬೆಳಗಿನ ಜಾವ ಏಳುವುದನ್ನು ಕಲಿಸಿತು, ಸೋತು ಬಂದ ದಿನವೂ ತಟ್ಟೆ ತೊಳೆಯುವುದನ್ನು ಕಲಿಸಿತು. ಇಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆಗಸ್ಟ್‌ನಲ್ಲಿ ಜಿಮ್ಮಿನಲ್ಲಿ ಪೋಷಕರನ್ನು ಕೂರಿಸಿಕೊಂಡು ನೀವು ಮಾಡಿದ ಭಾಷಣ ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಹಿಂದಿನ ಗೋಡೆಯ ಮೇಲೆ 'ಇಲ್ಲಿ ಚಾರಿತ್ರ್ಯ ನಿರ್ಮಾಣವಾಗುತ್ತದೆ' ಎಂಬ ಬ್ಯಾನರ್ ಇತ್ತು. ಮಾನಸಿಕ ದೃಢತೆ, ತ್ಯಾಗ, ಸಹೋದರತ್ವ ಎಂದೆಲ್ಲ ಹೇಳಿ ಕೊನೆಗೆ, "ನಿಮ್ ಹುಡುಗರನ್ನ ನನ್ ಕೈಗೆ ಕೊಡಿ. ನಾನ್ ನಿಮಗೆ ಗಂಡಸರನ್ನ ವಾಪಸ್ ಕೊಡ್ತೀನಿ" ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈ ಕೆಂಪಾಗುವಷ್ಟು ತಟ್ಟಿದೆ.

ಅದೇ ವಾರ ಹುಡುಗರನ್ನೆಲ್ಲ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ ನೆನಪಿನ ಪರೀಕ್ಷೆ ಮಾಡಿಸಿದಿರಿ. ಉದ್ದೇಶ ಒಳ್ಳೆಯದೇ. ಆರೋಗ್ಯವಾಗಿರುವಾಗ ಹುಡುಗನ ಬುದ್ಧಿ ಎಷ್ಟು ಚುರುಕಾಗಿದೆ ಎಂದು ಅಳೆದಿಟ್ಟುಕೊಳ್ಳುವುದು, ಮುಂದೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅಳೆಯುವುದು. ಅಂಕ ಇಳಿದಿದ್ದರೆ ಆಡಿಸಬಾರದು. ಇದಕ್ಕೆ ನಿಮ್ಮ ತಂಡದಲ್ಲಿ ತಲೆಮಾರುಗಳಿಂದ ಬಂದ ಒಂದು ಪರಿಹಾರವಿದೆ ಎಂದು ನನಗೆ ಆಮೇಲೆ ತಿಳಿಯಿತು. ಮೊದಲ ಪರೀಕ್ಷೆಯಲ್ಲೇ ಬೇಕೆಂದು ತಪ್ಪು ಉತ್ತರ ಒತ್ತುವುದು! ಆಗ ಪೆಟ್ಟು ಬಿದ್ದ ಮೇಲೂ ಅಂಕ ಇಳಿಯುವುದಿಲ್ಲ, ಬೆಂಚಿನ ಮೇಲೆ ಕೂರುವ ಪಾಡೂ ಬರುವುದಿಲ್ಲ. ಹಿರಿಯ ಆಟಗಾರರು ಕಿರಿಯರಿಗೆ ಇದನ್ನು ಶೂ ಲೇಸ್ ಕಟ್ಟುವಷ್ಟೇ ಸಲೀಸಾಗಿ ಹೇಳಿಕೊಡುತ್ತಾರಂತೆ. ಪರೀಕ್ಷೆಯ ದಿನ ನಿಮ್ಮ ಸಹಾಯಕ ಕೋಚ್ ಬಾಗಿಲಲ್ಲಿ ನಿಂತು ನಗುತ್ತಾ, "ಯಾರೂ ಜಾಸ್ತಿ ಜಾಣರಾಗಕ್ಕೆ ಹೋಗ್ಬೇಡ್ರಪ್ಪಾ" ಅಂದರಂತೆ. ನೀವೇ ಕಲಿಸಿದಿರಿ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ತಂಡದ ಹುಡುಗರು ಒಮ್ಮೆಲೇ ದಡ್ಡರಾದದ್ದು ನಿಮಗೆ ಯಾವ ವರ್ಷವೂ ವಿಚಿತ್ರ ಅನಿಸಲಿಲ್ಲವೇ ಎಂದಷ್ಟೇ ಕೇಳುತ್ತಿದ್ದೇನೆ.

ಅಕ್ಟೋಬರಿನ ಒಂದು ಪಂದ್ಯದಲ್ಲಿ ಗ್ಯಾರೆಟ್‌ಗೆ ಮೊದಲ ಪೆಟ್ಟು ಬಿತ್ತು. ಎದ್ದು ನಿಂತ. ನಿಂತವನು ನಮ್ಮವರ ಬಳಿಗೆ ಬರುವ ಬದಲು ಎದುರಾಳಿ ತಂಡದ ಬೆಂಚಿನ ಕಡೆ ನಡೆದ. ಜನ ನಕ್ಕರು. ಸೋಮವಾರ ಶಾಲೆಯಲ್ಲಿ ಪರೀಕ್ಷೆ ಮಾಡಿಸಿ, ಯಾವ ತೊಂದರೆಯೂ ಇಲ್ಲ ಎಂದು ಮನೆಗೆ ಫೋನ್ ಮಾಡಿದಿರಿ. ಎಲ್ಲ ಕೈಮೀರಿದ ಮೇಲೆ ಲಬ್ಬಕ್ ನಗರದ ಆಸ್ಪತ್ರೆಯಲ್ಲಿ ಡಾಕ್ಟರು ಆ ಎರಡೂ ಅಂಕಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಇದರ ಪ್ರಕಾರ ಪೆಟ್ಟು ಬಿದ್ಮೇಲೆ ನಿಮ್ ಹುಡುಗ ಮುಂಚೆಗಿಂತ ಬುದ್ಧಿವಂತ ಆಗಿದಾನೆ ತಾಯಿ" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಮೆದುಳಿಗೆ ಏಟು ತಿಂದು ಹುಡುಗರು ಜಾಣರಾಗುವ ಏಕೈಕ ಶಾಲೆಯನ್ನು ನಡೆಸುತ್ತಿದ್ದೀರಿ, ಅದನ್ನೂ ಒಂದು ಬ್ಯಾನರ್ ಬರೆಸಿ ಹಾಕಿಕೊಳ್ಳಬಹುದಿತ್ತು.

ಮುಂದಿನ ಶುಕ್ರವಾರ ನಮ್ಮದೇ ಮೈದಾನದಲ್ಲಿ ಪೆರಿಡೋ ತಂಡದೆದುರು ಪಂದ್ಯ. ಗೆದ್ದರೆ ಮುಂದಿನ ಹಂತ, ಸೋತರೆ ಆ ವರ್ಷದ ಆಟವೇ ಮುಗಿಯಿತು. ಎಲಿಸಿಯೋ ಆಡುವುದು ಗ್ಯಾರೆಟ್‌ನ ಪಕ್ಕದಲ್ಲೇ, ಹೆಗಲಿಗೆ ಹೆಗಲು ತಾಗಿಸಿ. ಮೈದಾನದಲ್ಲಿ ಕೂತು ಹುಲ್ಲು ಕೀಳುವ ವಯಸ್ಸಿನಿಂದ ಇಬ್ಬರೂ ಜೊತೆಗೇ ಇದ್ದವರು. ಆಟದ ಕೊನೆಯ ಹೊತ್ತು, ಚೆಂಡು ಪೆರಿಡೋದವರ ಗೋಲಿನ ಗೆರೆಯ ಹತ್ತಿರವೇ ಇತ್ತು. ಗ್ಯಾರೆಟ್‌ಗೆ ಇನ್ನೊಂದು ಪೆಟ್ಟು ಬಿತ್ತು. ಮುಂದಿನ ದಾಳಿಗೆ ಎಲ್ಲರೂ ಗುಂಪುಗೂಡಿದಾಗ ಅವನು ಎಲಿಸಿಯೋನ ಕಿವಿಯಲ್ಲಿ, "ಲೋ, ಇದ್ ಯಾವೂರು ಕಣೋ?" ಅಂತ ಕೇಳಿದನಂತೆ. ಎಲಿಸಿಯೋ ನಿಮ್ಮ ಬಳಿಗೆ ಓಡಿಬಂದು ಗ್ಯಾರೆಟ್‌ಗೆ ಸರಿಯಿಲ್ಲ, ಹೊರಗೆ ಕರೆಸಿ ಎಂದ. ಅದಕ್ಕೆ ನೀವು ಕೊಟ್ಟ ಉತ್ತರವನ್ನು ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಂಡಿದ್ದಾರೆ. "ನಿನ್ ಜಾಗಕ್ಕೆ ನೀನ್ ಹೋಗು ಮಗನೇ. ಅವನ ಎದೆ ಉಕ್ಕಿನ ಹಾಗಿದೆ."

ಎದೆಗೆ ಏನೂ ಆಗಿರಲಿಲ್ಲ ಸ್ವಾಮಿ. ಪೆಟ್ಟು ಬಿದ್ದದ್ದು ತಲೆಗೆ.

ಆಮೇಲೆ ನಡೆದದ್ದನ್ನು ಊರೆಲ್ಲ ನೋಡಿದೆ. ಎಲಿಸಿಯೋ ತನ್ನ ಜಾಗಕ್ಕೆ ಹೋದ, ಗ್ಯಾರೆಟ್‌ನ ಗಲ್ಲದ ಪಟ್ಟಿ ಬಿಚ್ಚಿ ಹೆಲ್ಮೆಟ್ ಕಿತ್ತುಕೊಂಡ, ಅದನ್ನು ಕಂಕುಳಲ್ಲಿ ಅವುಚಿಕೊಂಡು ಮೈದಾನ ಬಿಟ್ಟು ಓಡಿದ. ತಪ್ಪಾಟಕ್ಕೆ ದಂಡ ಎಂದು ಅಂಪೈರು ಹಳದಿ ಬಟ್ಟೆ ಎಸೆದರು. ಗ್ಯಾಲರಿಯಿಂದ ಬೈಗುಳ ಸುರಿಯಿತು. ಅವನು ನಿಂತದ್ದು ನನ್ನ ತಿಂಡಿ ಕಿಟಕಿಯ ಮುಂದೆ. ಏದುಸಿರು ಬಿಡುತ್ತಿದ್ದ. "ಮಿಸ್ ವಾಂಡಾ, ಇದನ್ನ ಬಚ್ಚಿಡಿ. ಯಾರ್ ಕೇಳಿದ್ರೂ ಕೊಡ್ಬೇಡಿ. ಇದಿಲ್ದಿದ್ರೆ ಅವನನ್ನ ಆಡ್ಸಕ್ಕಾಗಲ್ಲ" ಎಂದ. ನನಗೆ ತಲೆಬುಡ ತಿಳಿಯದಿದ್ದರೂ ಅವನ ಮುಖ ನೋಡಿ ಹೆಲ್ಮೆಟ್ಟನ್ನು ಐಸ್ ಪೆಟ್ಟಿಗೆಯಲ್ಲಿ ಸೋಡಾ ಡಬ್ಬಿಗಳ ಕೆಳಗೆ ಹುಗಿದೆ. ಹಿಂದೆಯೇ ನಿಮ್ಮ ಸಹಾಯಕರೊಬ್ಬರು ಓಡಿಬಂದು ಕೇಳಿದರು. ನಾಚೋಸ್ ಬೇಕಿದ್ದರೆ ಸಾಲಿನಲ್ಲಿ ನಿಲ್ಲಿ ಎಂದೆ. ಅಷ್ಟರಲ್ಲಿ ನೀವು ಬೆಂಚಿನ ಮೇಲಿದ್ದ ಕಿರಿಯನೊಬ್ಬನ ಹೆಲ್ಮೆಟ್ ಬಿಚ್ಚಿಸಿ ನನ್ನ ಮಗನ ತಲೆಗೆ ಹೊಂದುತ್ತದೆಯೇ ಎಂದು ನೋಡುತ್ತಿದ್ದಿರಿ. ಅದು ಬಿಗಿಯಾಗಿ ಕೂರುವ ಮೊದಲೇ ಗ್ಯಾರೆಟ್ ನಿಮ್ಮ ಕಾಲ ಬುಡದಲ್ಲಿ ಕುಸಿದುಬಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು, ಇನ್ನೊಂದೇ ಒಂದು ಪೆಟ್ಟು ಬಿದ್ದಿದ್ದರೆ ನಾವು ಬೇರೆ ಮಾತು ಆಡಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಬೇರೆ ಮಾತು ಯಾವುದು ಎಂದು ರಾಯ್ಸ್ ಕೇಳಹೊರಟ. ನಾನು ಅವನ ಕೈ ಹಿಡಿದು ಸುಮ್ಮನಾಗಿಸಿದೆ.

ಪಂದ್ಯ ಸೋತೆವು. ಎಲಿಸಿಯೋನ ಓಟಕ್ಕೆ ದಂಡವಾಗಿ ನಮ್ಮವರನ್ನು ಹಿಂದಕ್ಕೆ ತಳ್ಳಿದ್ದರು, ಅಲ್ಲಿಂದ ಮತ್ತೆ ಮುಂದೆ ಬರಲಾಗಲಿಲ್ಲ. ಆಟಗಾರರ ಮನೆಗಳ ಮುಂದೆ ಅವರವರ ಹೆಸರು ಬರೆದ ಫಲಕ ನೆಡುತ್ತೇವಲ್ಲ, ಬರೇರಾ ಮನೆಯ ಮುಂದಿನದನ್ನು ಯಾರೋ ಕಿತ್ತು ಚರಂಡಿಗೆ ಎಸೆದಿದ್ದರು. ಅವನ ತಾಯಿ ನೆಲ್ಡಾ ಅದನ್ನು ತೊಳೆದು ಮತ್ತೆ ನೆಟ್ಟಳು. ಮರುದಿನ ಅದು ಮತ್ತೆ ಚರಂಡಿಯಲ್ಲಿತ್ತು. ಆಮೇಲೆ ನೀವು ಹುಡುಗನನ್ನು ಕರೆಸಿ, ತಂಡಕ್ಕೆ ಬೆನ್ನು ತೋರಿಸಿದವನಲ್ಲಿ ಚಾರಿತ್ರ್ಯವಿಲ್ಲ ಎಂದು ಹೇಳಿ ಅವನ ತಂಡದ ಅಂಗಿ ವಾಪಸ್ ಪಡೆದಿರಿ. ಮುಂದಿನ ವರ್ಷ ಅವನ ಶಾಲೆಯ ಕೊನೆಯ ವರ್ಷ. ಅದನ್ನು ಅವನು ಗ್ಯಾಲರಿಯಲ್ಲಿ ಕೂತು ಕಳೆಯಬೇಕು.

ಈಗ ಹೇಳಿ, ನಿಮ್ಮ ಪಾಠಶಾಲೆಯಲ್ಲಿ ಯಾರಿಗೆ ಯಾವುದಕ್ಕೆ ಬಹುಮಾನ? ಪರೀಕ್ಷೆಯಲ್ಲಿ ಮೋಸ ಮಾಡಿ ತಾನೆಲ್ಲಿದ್ದೇನೆಂದು ತಿಳಿಯದೆ ನಿಂತವನು ವೀರ. ಅದು ನನ್ನ ಮಗ, ಅವನನ್ನು ಹಂಗಿಸುವ ಮನಸ್ಸು ನನಗಿಲ್ಲ, ದೊಡ್ಡವರು ಹಾಕಿದ ದಾರಿಯಲ್ಲಿ ಅವನು ನಡೆದ. ಇಡೀ ಊರು ಉಗಿಯುತ್ತದೆಂದು ಗೊತ್ತಿದ್ದೂ, ಅಷ್ಟು ದಿನ ಕನಸು ಕಂಡ ಪಂದ್ಯ ಕೈತಪ್ಪುತ್ತದೆಂದು ಗೊತ್ತಿದ್ದೂ ಓಡಿದವನು ಚಾರಿತ್ರ್ಯಹೀನ. ಆ ಬ್ಯಾನರ್ ಬರೆದ ಪೇಂಟರ್‌ಗೆ ಆ ಪದದ ಅರ್ಥ ಏನೆಂದು ನೀವು ಹೇಳಿದ್ದಿರಿ?

ಮಾನಸಿಕ ದೃಢತೆಯ ವಿಷಯಕ್ಕೆ ಬರುತ್ತೇನೆ, ಅದು ನಿಮ್ಮ ಮೆಚ್ಚಿನ ವಿಷಯ. ಗ್ಯಾರೆಟ್ ಈಗ ಹಗಲೆಲ್ಲ ನನ್ನ ಅಂಗಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ. ಬೇಸಿಗೆಯವರೆಗಿನದೆಲ್ಲ ಅವನಿಗೆ ನೆನಪಿದೆ. ಆಮೇಲಿನದು ಒಂದು ದಿನ ನಿಂತರೆ ಇನ್ನೊಂದು ದಿನ ಜಾರಿಹೋಗುತ್ತದೆ. ನಿಧಾನವಾಗಿ ಸರಿಹೋಗಬಹುದು ಎನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಎಲಿಸಿಯೋ ಬರುತ್ತಾನೆ. ಹೆಚ್ಚುಕಡಿಮೆ ಪ್ರತಿ ಸಂಜೆ ಗ್ಯಾರೆಟ್ ಅವನನ್ನು ಕೇಳುವುದು ಒಂದೇ ಮಾತು.

"ಪೆರಿಡೋ ಮ್ಯಾಚ್ ಗೆದ್ವೇನೋ?"

"ಇಲ್ಲ ಕಣೋ. ಸೋತ್ವಿ. ನನ್ನಿಂದಾನೇ ಸೋತ್ವಿ" ಎಂದು ಎಲಿಸಿಯೋ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳುತ್ತಾನೆ. ಗ್ಯಾರೆಟ್‌ಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಮುಖ ಕೆಂಪಗಾಗುತ್ತದೆ. ದ್ರೋಹಿ ಎನ್ನುತ್ತಾನೆ, ನನ್ನ ಕಣ್ಣ ಮುಂದೆ ಇರಬೇಡ ಎನ್ನುತ್ತಾನೆ, ಇನ್ನೂ ಬರೆಯಲಾಗದ್ದನ್ನೆಲ್ಲ ಅನ್ನುತ್ತಾನೆ. ಎಲಿಸಿಯೋ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾನೆ. ಗ್ಯಾರೆಟ್ ತಣ್ಣಗಾದ ಮೇಲೆ ಒಳಗೆ ಬಂದು ಇಸ್ಪೀಟು ಹಾಕುತ್ತಾನೆ. ನನಗೇ ನೋಡಲಾಗದೆ ಒಂದು ಸಂಜೆ ಅವನನ್ನು ಪಕ್ಕಕ್ಕೆ ಕರೆದು, "ಗೆದ್ವಿ ಅಂದ್ಬಿಡು ಕಂದಾ. ಅವನಿಗೇನ್ ಗೊತ್ತಾಗುತ್ತೆ?" ಅಂದೆ.

"ಅವನು ಒಂದಿನ ಸರಿಹೋಗ್ತಾನಲ್ಲ ಮಿಸ್ ವಾಂಡಾ," ಅಂದ. "ಅವತ್ತು ನಾನು ಇಷ್ಟ್ ದಿನ ಸುಳ್ಳು ಹೇಳ್ತಿದ್ದೆ ಅಂತ ಆಗ್ಬಾರ್ದು."

ನಿರ್ದೇಶಕರೇ, ಆ ಮಾತು ಕೇಳಿ ಕತ್ತರಿ ಕೆಳಗಿಟ್ಟು ನಾನು ಅತ್ತೆ. ನಿಮ್ಮ ಬ್ಯಾನರಿನ ಕೆಳಗೆ ಅಷ್ಟು ವರ್ಷ ಕೂತರೂ ನನಗೆ ಕಾಣದ್ದು ಅಂಗಡಿಯ ಮೆಟ್ಟಿಲ ಮೇಲೆ ಕಂಡಿತು.

ಹಾಗಾಗಿ ಔತಣಕೂಟಕ್ಕೆ ನಾವು ಬರುವುದಿಲ್ಲ. ಆ ಪ್ರಶಸ್ತಿಯನ್ನು ನಿಮ್ಮ ಕಚೇರಿಯಲ್ಲೇ ಇಟ್ಟುಕೊಳ್ಳಿ. ಎಲಿಸಿಯೋನ ಅಂಗಿಯನ್ನು ಅವನಿಗೆ ಹಿಂದಿರುಗಿಸಿ, ಹೊರಹಾಕುವಾಗ ಆಡಿದ ಮಾತನ್ನು ತಂಡದೆದುರು ವಾಪಸ್ ತೆಗೆದುಕೊಳ್ಳಿ. ಇನ್ನು ಮುಂದೆ ಪೆಟ್ಟು ತಿಂದ ಹುಡುಗ ಆಡಬೇಕೋ ಬೇಡವೋ ಎಂಬುದನ್ನು ಗೆಲ್ಲಲೇಬೇಕಾದವರು ತೀರ್ಮಾನಿಸಬಾರದು, ಡಾಕ್ಟರು ತೀರ್ಮಾನಿಸಲಿ.

ಹೆಲ್ಮೆಟ್ ನನ್ನ ಅಂಗಡಿಯ ಕಪಾಟಿನಲ್ಲಿ ಗಡ್ಡಕ್ಕೆ ಹಚ್ಚುವ ನೊರೆ, ಬಾಚಣಿಗೆಗಳ ಪಕ್ಕದಲ್ಲಿ ಸುರಕ್ಷಿತವಾಗಿದೆ. ಬೇಕಿದ್ದರೆ ಆಳನ್ನು ಕಳಿಸದೆ ನೀವೇ ಬನ್ನಿ, ಶಾಲೆ ಬಿಟ್ಟ ಮೇಲೆ ಬನ್ನಿ. ಇಬ್ಬರು ಹುಡುಗರೂ ಇರುತ್ತಾರೆ. ಗ್ಯಾರೆಟ್ ನಿಮ್ಮನ್ನು ನೋಡಿ ಎದ್ದು ನಿಲ್ಲುತ್ತಾನೆ, ನಿಮ್ಮನ್ನು ಅವನು ಮರೆತಿಲ್ಲ. ಪೆರಿಡೋ ಪಂದ್ಯ ಏನಾಯಿತು ಕೋಚ್ ಎಂದು ಕೇಳುತ್ತಾನೆ. ಆ ದಿನ ಉತ್ತರ ನೀವು ಹೇಳಿ. ಎಲಿಸಿಯೋಗೆ ಒಂದು ಸಂಜೆಯಾದರೂ ರಜೆ ಸಿಗಲಿ.

ಇಂತಿ,
ಹುಡುಗನನ್ನು ನಿಮ್ಮ ಕೈಗೆ ಕೊಟ್ಟು, ನೀವು ಕೊಡುತ್ತೇನೆಂದ ಗಂಡಸಿಗಾಗಿ ಇನ್ನೂ ಕಾಯುತ್ತಿರುವ
ವಾಂಡಾ ಪ್ರೂಯಿಟ್
ಕ್ಷೌರದಂಗಡಿ, ಹಾರ್ಲನ್ ಸ್ವಿಚ್, ಟೆಕ್ಸಸ್