ಬಾಗಿಲಿಗೆ ಅಡ್ಡ ನಿಂತ ರೂಬೆನ್ ಅಂಕಲ್‌ಗೆ

ಪ್ರೀತಿಯ ರೂಬೆನ್ ಅಂಕಲ್,

ನಿಮ್ಮನ್ನು ಕೊಂದವನಿಗೆ ಮೊನ್ನೆ ಶುಕ್ರವಾರ ಮೆಲ್ಬರ್ನ್ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಪೇಪರಿನವರು ನಿಮ್ಮನ್ನು ‘ಸಿಡ್ನಿಯ ಉದ್ಯಮಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಅದನ್ನು ಓದಿ ಮೈಯೆಲ್ಲ ಉರಿಯಿತು. ಅದಕ್ಕೇ ಬರೆಯಲು ಕೂತೆ.

ನಾನು ಮೈಸೂರಿನಿಂದ ಓದಲು ಬಂದು ಸಿಡ್ನಿಯ ಎಪ್ಪಿಂಗ್‌ನಲ್ಲಿ ರೂಮು ಹಂಚಿಕೊಂಡಿದ್ದ ಕಾಲವದು. ಭಾನುವಾರಗಳಲ್ಲಿ ನಿಮ್ಮ ಟೈಲ್ಸ್ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಸಿಕ್ಕಿತ್ತು. ಮೊದಲ ದಿನವೇ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ನೆತ್ತಿಯ ಮೇಲೆ ಪುಟ್ಟ ಟೋಪಿಯಿಟ್ಟ ನೀವು ಸಿಂಕುಗಳ ಸಾಲಿನ ಹಿಂದಿನಿಂದ ತಲೆಯೆತ್ತಿ, “ಯಾವೂರಾಕಿ ಯವ್ವಾ ನೀ?” ಅಂದಿರಿ. ನನ್ನ ಕೈಯಿಂದ ಫೋನು ಜಾರುವುದೊಂದು ಬಾಕಿ. ಕೊಂಕಣ ಕರಾವಳಿಯ ಹಳೆಯ ಯೆಹೂದಿ ಮನೆತನ, ಅಪ್ಪ ರೈಲ್ವೆ ಗಾರ್ಡು, ನೀವು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕಾಲೇಜು ತಪ್ಪಿಸಿ ಪ್ಯಾಸೆಂಜರ್ ಹತ್ತಿ ಧಾರವಾಡಕ್ಕೆ ಹಾಡು ಕೇಳಲು ಹೋಗುತ್ತಿದ್ದಿರಂತೆ.

ಟೈಲ್ಸ್ ಕೊಳ್ಳುವ ಜನ ಅಂಗಡಿಗೆ ಮುಗಿಬೀಳುವುದೇ ಶನಿವಾರ. ಶುಕ್ರವಾರ ಹೊತ್ತು ಮುಳುಗಿದರೆ ನಿಮ್ಮವರಿಗೆ ಕೆಲಸ, ಅಡುಗೆ ಎಲ್ಲ ಬಂದ್. ನೀವು ಅದಕ್ಕೂ ಮೊದಲೇ ಷಟರ್ ಎಳೆದರೆ ಮತ್ತೆ ತೆಗೆಯುತ್ತಿದ್ದುದು ಭಾನುವಾರ. “ಅಂಕಲ್, ಶನಿವಾರ ಓಪನ್ ಇಟ್ರೆ ಬಿಸಿನೆಸ್ ಡಬಲ್ ಆಗತ್ತೆ” ಅಂದಿದ್ದೆ. “ಶನಿವಾರ ನಂದಲ್ಲ ಯವ್ವಾ, ದೇವರದು. ನಂದಲ್ಲದ್ದನ್ನ ಹೆಂಗ ಮಾರ್ಲಿ?” ಅಂದು ನಕ್ಕಿದ್ದಿರಿ. ಭಾನುವಾರ ಸಂಜೆ ಗೋಡೌನಿನಲ್ಲಿ ನಿಮ್ಮ ಹಾರ್ಮೋನಿಯಂ, ನನ್ನ ತಬಲ. ಮಾರವಾ ರಾಗ ಏರುತ್ತಿರುವಾಗ ಮಗಳು ಲಿಯೋರಾಳ ಫೋನು ಬಂದರೆ ಆಲಾಪ ಅಲ್ಲಿಗೇ ನಿಲ್ಲುತ್ತಿತ್ತು. ರಾಗ ಕಾಯುತ್ತದೆ, ಮಗಳು ಕಾಯಬಾರದು ಎನ್ನುತ್ತಿದ್ದಿರಿ.

ನನಗೆ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ಕೆಲಸವಾಗಿ ಮೆಲ್ಬರ್ನಿಗೆ ಬಂದೆ. ಲಿಯೋರಾಳ ಮನೆಯೂ ಇಲ್ಲೇ. ಎಷ್ಟೋ ವರ್ಷ, ಎಷ್ಟೋ ಆಸ್ಪತ್ರೆಗಳಾದ ಮೇಲೆ ಅವಳಿಗೆ ಹೆಣ್ಣುಮಗು ಹುಟ್ಟಿದಾಗ ನೀವು ಸೇರಾ ಆಂಟಿಯ ಜೊತೆ ಹಾರಿ ಬಂದು, ಹಾಲ್ ಬುಕ್ ಮಾಡಿ, ನಿಮ್ಮವರ ಹರಕೆಯಂತೆ ಮಲೀದಾ ಇಟ್ಟುಕೊಂಡಿರಿ. ಸಿಹಿ ಅವಲಕ್ಕಿಗೆ ಕಾಯಿತುರಿ ಬೆರೆಸಿ, ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾನನ್ನು ನೆನೆಯುವ ಪೂಜೆ. ಆ ಭಾನುವಾರ ಮಧ್ಯಾಹ್ನ ನಾನು ಹಸಿರು ಸೀರೆಯುಟ್ಟು ತಬಲದ ಮುಂದೆ ಕೂತಿದ್ದೆ.

ಹೊರಗೆ ಯಾರೋ ಕಿರುಚಿದರು. ಬಾಗಿಲು ಗೋಡೆಗೆ ಬಡಿಯಿತು. ಉದ್ದನೆಯ ಚಾಕು ಹಿಡಿದ ಯುವಕನೊಬ್ಬ ಒಳಗೆ ನುಗ್ಗಿ, ಯೆಹೂದಿಗಳನ್ನು ಬೈಯುತ್ತ ಎದುರಿಗೆ ಸಿಕ್ಕ ಕುರ್ಚಿಯನ್ನು ಒದ್ದ. ಅವನ ತೋಳು ಆಗಲೇ ಕೆಂಪಾಗಿತ್ತು, ಗೇಟಿನಲ್ಲಿದ್ದ ಕಾವಲಿನವನ ರಕ್ತ. ಬಾಗಿಲ ಬಳಿ ಮಕ್ಕಳು ಆಡುತ್ತಿದ್ದರು.

“ಚಿನ್ಮಯಿ, ಹುಡುಗೂರ್ನ ಅಡಿಗಿಮನಿಗೆ ತಳ್ಳು!”

ನಿಮ್ಮ ಗಂಟಲಲ್ಲಿ ಅಂಥ ಗರ್ಜನೆಯಿದೆ ಎಂದು ಗೊತ್ತೇ ಇರಲಿಲ್ಲ. ಎಪ್ಪತ್ತು ದಾಟಿದ ನೀವು ಮುಂದಿದ್ದ ಹಾರ್ಮೋನಿಯಂ ಎತ್ತಿ ಅವನ ಮುಖಕ್ಕೆ ಅಪ್ಪಳಿಸಿದಿರಿ. ಅದು ಒಡೆದು ಅವನ ಹಣೆ ಸೀಳಿತು. ಅವನು ತತ್ತರಿಸಿದ, ಬೀಳಲಿಲ್ಲ. ನೀವು ಮಕ್ಕಳಿಗೂ ಅವನಿಗೂ ನಡುವೆ ಎರಡೂ ಕೈ ಚಾಚಿ ನಿಂತಿರಿ. ಅವನು ಇರಿದ. ನೀವು ಅವನ ಅಂಗಿಯನ್ನು ಹಿಡಿದುಕೊಂಡಿರಿ. ಮತ್ತೆ ಇರಿದ. ಆಗಲೂ ಬಿಡಲಿಲ್ಲ.

ಮಕ್ಕಳನ್ನು ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದವಳ ಕೈಗೆ ಸಿಕ್ಕಿದ್ದು ಊಟದ ಮೇಜಿನ ಮೇಲಿದ್ದ ಕಬ್ಬಿಣದ ಬಾಣಲೆ. ಬೀಸಿದೆ. ಅವನ ಮಣಿಕಟ್ಟು ಲಟಕ್ಕೆಂದಿತು, ಚಾಕು ಬಿತ್ತು. ನಾನು ನಿಲ್ಲಿಸಲಿಲ್ಲ. ಭುಜಕ್ಕೆ, ಬೆನ್ನಿಗೆ, ಮೊಣಕಾಲಿಗೆ ಬಡಿದೆ. ಇಬ್ಬರು ಬಂದು ನನ್ನನ್ನು ಹಿಂದಕ್ಕೆ ಎಳೆಯಬೇಕಾಯಿತು. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ, ಅಂಕಲ್.

ನಿಮ್ಮ ಹೊಟ್ಟೆಯ ಮೇಲೆ ನನ್ನ ಸೆರಗನ್ನು ಒತ್ತಿ ಹಿಡಿದೆ. ಬಿಸಿ ರಕ್ತ ಬೆರಳ ಸಂದಿಯಿಂದ ಉಕ್ಕುತ್ತಲೇ ಇತ್ತು. “ಕೂಸು?” ಅಂದಿರಿ. “ಏನೂ ಆಗಿಲ್ಲ ಅಂಕಲ್, ಎಲ್ಲಾ ಮಕ್ಕಳೂ ಸೇಫ್” ಅಂದೆ. ಕಣ್ಣು ಮುಚ್ಚಿ, ಸಾಯುವಾಗ ನಿಮ್ಮವರು ಹೇಳುವ ಹೀಬ್ರೂ ಪ್ರಾರ್ಥನೆಯನ್ನು ಶುರು ಮಾಡಿದಿರಿ. ದೇವರು ಒಬ್ಬನೇ ಎನ್ನುವ ಆ ಸಾಲು ನಿಮ್ಮ ಬಾಯಲ್ಲಿ ಅರ್ಧಕ್ಕೆ ನಿಂತಿತು. ಸೇರಾ ಆಂಟಿ ನಿಮ್ಮ ಕಿವಿಗೆ ಬಾಯಿಟ್ಟು ಅದನ್ನು ಪೂರ್ತಿ ಮಾಡಿದರು.

ಕೋರ್ಟಿನಲ್ಲಿ ಅವನ ಲಾಯರು, ತನ್ನ ಕಕ್ಷಿದಾರ ಕ್ಷಮೆ ಕೇಳುತ್ತಾನೆ ಅಂದರು. ಮಾತಾಡುವ ಸರದಿ ಬಂದಾಗ ಆಂಟಿ ಎದ್ದು ನಿಂತರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದಿಷ್ಟು: “ಕ್ಷಮಿಸುವ ಹಕ್ಕು ಇದ್ದದ್ದು ನನ್ನ ಗಂಡನಿಗೆ. ಅವರನ್ನು ನೀನು ಕೊಂದೆ. ಇನ್ನು ಯಾರನ್ನು ಕೇಳುತ್ತೀಯ?” ಅವನು ತಲೆ ತಗ್ಗಿಸಿದ. ಅವನು ಅಳುವುದನ್ನು ನೋಡಬೇಕೆಂದು ನಾನು ಕಣ್ಣು ಕೀಲಿಸಿ ಕೂತಿದ್ದೆ. ಆಂಟಿ ನನ್ನ ಮೊಣಕೈ ಹಿಡಿದೆಳೆದರು. “ಅವನ ಮಾರಿ ಏನ್ ನೋಡ್ತಿ? ನಡಿ, ಹೊತ್ತು ಮುಳುಗೂದ್ರಾಗ ಅಡಿಗಿ ಆಗಬೇಕು.”

ಲಿಯೋರಾಳ ಮನೆಗೆ ಹೋದೆವು. ಆಂಟಿ ಕಪ್ಪು ಕೋಟೂ ತೆಗೆಯದೆ ಚಪಾತಿ ಹಿಟ್ಟಿಗೆ ಕೈಯಿಟ್ಟರು. ಮೊದಲು ನಾದಿದರು. ಆಮೇಲೆ ಮುಷ್ಟಿ ಕಟ್ಟಿ ಗುದ್ದತೊಡಗಿದರು. ಪಾತ್ರೆ ಹಾರಿ ನೆಲಕ್ಕೆ ಬಿತ್ತು. ಹಿಟ್ಟನ್ನು ಕಟ್ಟೆಗೆ ಎತ್ತೆತ್ತಿ ಬಡಿದರು. “ಎದ್ದು ಯಾಕ ಹೋದ್ಯೋ ರೂಬೆನ್! ನನ್ನ ಒಂದ್ ಮಾತು ಕೇಳಿದ್ಯೇನೋ!” ಗಂಡನ ಹೆಸರು ಹಿಡಿದು ಏಕವಚನದಲ್ಲಿ ಬೈದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲಿಯೋರಾ ಹಿಡಿಯಹೋದಳು, ನಾನು ಬೇಡವೆಂದೆ. ಕೋರ್ಟಿನಲ್ಲಿ ಬಾರದ ಅಳು ಅಲ್ಲಿ ಬಂತು, ಮೂವರಿಗೂ.

ಕಿಟಕಿಯ ಬಿಸಿಲು ಸಣ್ಣದಾಗುತ್ತಿತ್ತು. ಆಂಟಿ ಕೈ ತೊಳೆದು, ತಲೆಗೆ ಸೆರಗಿನಂತೆ ದುಪಟ್ಟಾ ಹೊದ್ದು ಮೇಣದಬತ್ತಿ ಹಚ್ಚಿದರು. ಶುಕ್ರವಾರದ ಊಟಕ್ಕೆ ಮುಂಚೆ ಗಂಡ ಹೆಂಡತಿಯನ್ನು ಹೊಗಳಿ ಹಾಡುವ ಹಾಡೊಂದಿದೆಯಲ್ಲ, ನೀವು ಹೋದ ಮೇಲೆ ಆ ಮನೆಯಲ್ಲಿ ಅದನ್ನು ಯಾರೂ ಹಾಡಿರಲಿಲ್ಲ. ಅಳಿಯ ಬಾಯಿ ತೆರೆದ, ದನಿ ಹೊರಡಲಿಲ್ಲ. ಆಗ ಲಿಯೋರಾ ಮಗುವನ್ನು ಸೊಂಟಕ್ಕೇರಿಸಿಕೊಂಡು ತಾಯಿಯ ಕುರ್ಚಿಯ ಎದುರು ನಿಂತು ಹಾಡಿದಳು. ಶ್ರುತಿ ತಪ್ಪಿತು, ನಡುವೆ ಸಾಲೂ ಮರೆತುಹೋಯಿತು. ಆಂಟಿ ತಿದ್ದಲಿಲ್ಲ. ಕೊನೆಯವರೆಗೂ ಕೂತು ಕೇಳಿದರು.

ಹೋಗಿ ಬನ್ನಿ ಅಂಕಲ್. ನಿಮ್ಮ ಹೆಸರು ಹೇಳಿದ ನಾಲಿಗೆಗಳೆಲ್ಲ ತಂಪಾಗಿರಲಿ.

ನಿಮ್ಮ ತಬಲದ ಹುಡುಗಿ,
ಚಿನ್ಮಯಿ