ಶುಕ್ರವಾರದ ಪಾಯಸ

ಕಬರೇತೆ
ಏಪ್ರಿಲ್ ೧೧, ಮಂಗಳವಾರ

ತಮ್ಮಾ ರದಮೇಸ್,

"ಹನ್ನೊಂದಾಗಲಿ ತಡಿ ಅಕ್ಕಾ" ಅನ್ನುತ್ತಿದ್ದೆ ನೀನು ಚಿಕ್ಕಂದಿನಲ್ಲಿ, ಇಲ್ಲಾ "ಹನ್ನೊಂದಾದ ಮೇಲೆ ಕೇಳು" ಅಂತಲೋ, ಸರಿಯಾಗಿ ನೆನಪಿಲ್ಲ. ನೀರು ತಂದುಕೊಡು ಅಂದರೂ ಅದೇ ಮಾತು, ಶಾಲೆಗೆ ಹೊರಡು ಅಂದರೂ ಅದೇ. ಹನ್ನೊಂದಕ್ಕೆ ಗಾಳಿ ಏಳುತ್ತದೆ, ಆಮೇಲೆ ನೀನು ಯಾರ ಕೈಗೂ ಸಿಗುವುದಿಲ್ಲ ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ಹೇಗಿದ್ದೀಯ? ಭುಜದ ನೋವು ಹೇಗಿದೆ? ಕೇಳುವುದು ಕ್ರಮ, ಅದಕ್ಕೆ ಕೇಳಿದೆ. ಭುಜ ಚೆನ್ನಾಗಿಯೇ ಇದೆ ಅಂತ ನನಗೆ ಗೊತ್ತು, ಶುಕ್ರವಾರ ಕಣ್ಣಾರೆ ನೋಡಿದ್ದೇನೆ. ಅಮ್ಮನ ಮಂಡಿ ಹಾಗೇ ಇದೆ. ಕಣ್ಣು ಮಾತ್ರ ದೂರದ್ದನ್ನು ಈಗಲೂ ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡುತ್ತದೆ.

ನವೆಂಬರಿನಲ್ಲಿ ಅಪ್ಪ ತೀರಿಕೊಂಡಾಗ ನೀನು ಸ್ಪೇನಿನಿಂದ ಬರಲಾಗುವುದಿಲ್ಲ ಅಂದೆ. ಒಂಬತ್ತು ರಾತ್ರಿಯ ಪ್ರಾರ್ಥನೆಗೂ ಬಾಗಿಲ ಪಕ್ಕ ನಿನ್ನ ಕುರ್ಚಿ ಹಾಕಿಟ್ಟಿದ್ದೆವು. ಯಾರಾದರೂ ಕೂತರೆ ಅಮ್ಮ "ಅದು ಅವನದು" ಅಂತ ಎಬ್ಬಿಸುತ್ತಿದ್ದಳು. ಈಸ್ಟರಿನ ಮುಂಚಿನ ಪವಿತ್ರ ವಾರಕ್ಕೆ ಬರುತ್ತೇನೆ ಅಂದವನು ನೀನೇ, ಆಮೇಲೆ ಕೆಲಸವಿದೆ, ಆಗುವುದಿಲ್ಲ ಅಂದವನೂ ನೀನೇ. ಅಮ್ಮ ಗುರುವಾರ ಎಂದಿನಂತೆ ದೊಡ್ಡ ಪಾತ್ರೆ ಇಳಿಸಿ ಕೆಂಪು ಕಾಳು ಬೇಯಿಸಿದಳು, ತೆಂಗಿನ ಹಾಲು ಹಿಂಡಿದಳು, ಗೆಣಸು ಹೆಚ್ಚಲು ನನ್ನನ್ನು ಕೂರಿಸಿದಳು. ಬೀದಿಯ ಪ್ರತಿ ಮನೆಗೂ ಪಾಯಸದ ಬಟ್ಟಲು ಹೋಯಿತು, ಪ್ರತಿ ಮನೆಯಿಂದಲೂ ಅದೇ ಬಟ್ಟಲಲ್ಲಿ ಅವರದೇನೋ ಬಂತು. ಚಿಕ್ಕಂದಿನಲ್ಲಿ ಈ ಓಡಾಟವೆಲ್ಲ ನಿನ್ನದೇ ಆಗಿತ್ತು. ಮನೆಯಲ್ಲಿ ಏನೂ ಇಲ್ಲದ ಆ ವರ್ಷ, ಖಾಲಿ ಮರಳಿಸಬಾರದೆಂದು ನೀನು ನಮ್ಮ ಬೀದಿಯ ಫೇಫಾ ಅತ್ತೆಯ ಬಟ್ಟಲಿಗೆ ಒಂದು ಚಿಪ್ಪು ಹಾಕಿ ಕೊಟ್ಟು ಬಂದಿದ್ದೆ. ಅವಳು ಅದನ್ನು ಇನ್ನೂ ಇಟ್ಟುಕೊಂಡಿದ್ದಾಳೆ, ಪ್ರತಿ ವರ್ಷ ತೋರಿಸಿ ನನ್ನ ತಲೆ ತಿನ್ನುತ್ತಾಳೆ.

ಶುಕ್ರವಾರ ಮಧ್ಯಾಹ್ನ ಅಮ್ಮ ಕಡಲ ದಂಡೆಗೆ ಹೋಗೋಣ ಅಂದಳು. ಬಾದಾಮಿ ಮರದ ಕೆಳಗೆ ಮಗುಚಿಟ್ಟ ಅಪ್ಪನ ದೋಣಿಗೆ ಒರಗಿ ಕೂತೆವು. ಯೇಸು ಸತ್ತ ಆ ಶುಕ್ರವಾರ ನಮ್ಮವರು ಯಾರೂ ನೀರಿಗೆ ಕಾಲಿಡುವುದಿಲ್ಲ, ಇಟ್ಟವರು ಮೀನಾಗುತ್ತಾರೆ. ಏಳು ವರ್ಷದವನಿದ್ದಾಗ ನೀನು ಹೆಬ್ಬೆರಳು ಅದ್ದಿ, ಹುರುಪೆ ಮೂಡುತ್ತದೇನೋ ಅಂತ ಸಂಜೆಯವರೆಗೂ ಅಳುತ್ತಾ ಕೂತಿದ್ದೆ. ಅಪ್ಪ ಆ ಬೆರಳನ್ನು ಮೂಸಿ ನೋಡಿ, "ನೀನು ಮೀನಾದ್ರೆ ಹಿಡಿಯೋನು ನಾನೇ ಕಣೋ, ಬೇರೆ ದೋಣಿಯವರಿಗೆ ಬಿಡ್ತೀನಾ" ಅಂದಿದ್ದ. ಈ ನಂಬಿಕೆಯಲ್ಲಿ ನನಗೆ ನಂಬಿಕೆಯಿಲ್ಲ. ಅದನ್ನು ಪಾಲಿಸುತ್ತೇನೆ, ಅಷ್ಟೇ. ಎರಡರ ನಡುವೆ ಎಷ್ಟು ಅಂತರ ಅಂತ ಬಹಳ ವರ್ಷ ಯೋಚಿಸಿದ್ದೇನೆ, ಶುಕ್ರವಾರದ ತನಕ ಉತ್ತರ ಸಿಕ್ಕಿರಲಿಲ್ಲ.

ನೀರಿನ ಮೇಲೆ ಹತ್ತಿಪ್ಪತ್ತು ಗಾಳಿಪಟಗಳಿದ್ದವು, ಒಂದೊಂದರ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವವರು. ಅವುಗಳಲ್ಲಿ ಒಂದು ಹಸಿರು. ಅದರ ಹಗ್ಗ ಹಿಡಿದವನು ಅಲೆಯಿಂದ ಮೇಲಕ್ಕೆ ಹಾರಿದಾಗ ಎಡಗಾಲನ್ನು ಮಡಚಿ ಹೊಟ್ಟೆಯ ಹತ್ತಿರ ಎಳೆದುಕೊಂಡ. ಗೋಡೆ ಹಾರುವಾಗಲೂ, ಫೇಫಾ ಅತ್ತೆಯ ನಾಯಿಗೆ ಹೆದರಿ ಎಗರುವಾಗಲೂ ನೀನು ಮಾಡುತ್ತಿದ್ದದ್ದು ಇದನ್ನೇ. ಮುಖಕ್ಕೆ ಬಟ್ಟೆ ಸುತ್ತಿ ಕಪ್ಪು ಕನ್ನಡಕ ಹಾಕಿದರೆ ಆಯಿತೆ? ನಾನು ಅಮ್ಮನ ಕಡೆ ತಿರುಗಲಿಲ್ಲ. ಅವಳೇ, ನಾನು ಕೇಳದಿದ್ದರೂ, "ಅವನಲ್ಲ. ನನ್ನ ಮಗ ಇವತ್ತು ನೀರಿಗಿಳಿಯೋನಲ್ಲ" ಅಂದಳು. ನಾನು ಹೌದು, ಯಾರೋ ಹೊರಗಿನವನು ಅಂದೆ. ಆ ಮಾತು ಸುಳ್ಳೂ ಅಲ್ಲ, ನಂಬದಿದ್ದರೂ ಪಾಲಿಸುವವರೇ ನಮ್ಮವರು.

ಶನಿವಾರ ಉದ್ದನೆಯ ಜರ್ಮನ್ ಒಬ್ಬ ಹರಿದ ಗಾಳಿಪಟ ಹೊತ್ತು ನನ್ನ ಅಂಗಡಿಗೆ ಬಂದ. ನಿನಗೆ ಗೊತ್ತು, ನಿಮ್ಮಂಥವರ ಹರುಕು ಹೊಲಿದೇ ನಾನು ಬದುಕುತ್ತಿರುವುದು. ಹಾಗಾಗಿ ಗಾಳಿಯ ಮೇಲೂ ಬರುವವರ ಮೇಲೂ ನನಗೆ ದ್ವೇಷವಿಲ್ಲ. ಅವನು ತನಗೆ ಗಾಳಿಪಟ ಕಲಿಸುವ ಗುರುವನ್ನು ಹೊಗಳುತ್ತಲೇ ಇದ್ದ. ಹೆಸರು ರಾಡೋ ಅಂತೆ, ಸ್ಪೇನಿನಿಂದ ತಮ್ಮನ್ನೆಲ್ಲ ಕರೆತಂದವನಂತೆ, ದಂಡೆಯ ಎಡಗಡೆಯ ಹೋಟೆಲಿನಲ್ಲಿ ಎಲ್ಲರೂ ಇಳಿದಿದ್ದಾರಂತೆ. ಈ ಊರಿನವನಲ್ಲವಾದರೂ ಗಾಳಿ ಎಲ್ಲಿ ತಿರುಗುತ್ತದೆ, ಬಂಡೆ ಎಲ್ಲಿದೆ ಎಲ್ಲ ಹೇಗೋ ಗೊತ್ತಂತೆ. ನಾನು ಸೂಜಿ ಕೆಳಗಿಟ್ಟೆ. ಈ ಊರಿನವನಲ್ಲ ಅಂತ ಅವರೇ ಅಂದುಕೊಂಡರೋ, ನೀನು ಹೇಳಿದೆಯೋ? ಕೇಳಬಹುದಿತ್ತು, ಕೇಳಲಿಲ್ಲ. ಅವನ ಹರುಕನ್ನು ಚೆನ್ನಾಗಿಯೇ ಹೊಲಿದು ಕೊಟ್ಟೆ. ಆ ಹೊಲಿಗೆ ನಿನ್ನ ಕಣ್ಣಿಗೆ ಬಿದ್ದಿರುತ್ತದೆ, ಅದು ಯಾರ ಕೈಯದು ಅಂತಲೂ ನಿನಗೆ ಗೊತ್ತಾಗಿರುತ್ತದೆ.

ನೀರಿಗಿಳಿದದ್ದಕ್ಕಲ್ಲ ನನ್ನ ಸಿಟ್ಟು. ಅಪ್ಪ ಇಲ್ಲದ ಮನೆಗೆ ಬರಲು ಕಾಲು ಏಳದಿದ್ದರೆ ಅದೂ ನನಗೆ ಅರ್ಥವಾಗುತ್ತದೆ. ಆ ಮನೆಯಲ್ಲಿ ನಾನೂ ಕೆಲವು ಕೋಣೆಗಳಿಗೆ ಹೋಗುವುದಿಲ್ಲ. ಆದರೆ ಬರದವನು ಬರದೇ ಇರಬೇಕು. ಹೋಟೆಲಿನ ಗೋಡೆಯಾಚೆ ಇಳಿದು, ನಮ್ಮ ಮನೆಯ ಒಲೆಯ ಹೊಗೆ ಕಾಣುವಷ್ಟು ಹತ್ತಿರ ಮಲಗಿ, ಬೆಳಗ್ಗೆ ಎದ್ದು ಬೇರೆಯವರಿಗೆ ನಮ್ಮ ಕಡಲು ತೋರಿಸುವುದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಈಸ್ಟರ್ ದಿನ ಅಮ್ಮ ಫೇಫಾ ಅತ್ತೆಗೆ ನೀನು ಸ್ಪೇನಿನಲ್ಲಿ ಚೆನ್ನಾಗಿದ್ದೀಯ, ಪಾಪ, ಬಿಡುವಿಲ್ಲ ಅಂತ ಹೇಳಿದಳು. ಅತ್ತೆಯೂ ಹೌದು ಹೌದು ಅಂದಳು. ಬೀದಿಗೆ ಬೀದಿಯೇ ನಿನ್ನನ್ನು ನೋಡಿತ್ತು. ಅಮ್ಮನ ಮುಂದೆ ಎಲ್ಲರೂ ಸೇರಿ ನಿನ್ನನ್ನು ಕಾಣದವರಂತೆ ಇದ್ದೇವೆ, ನಿನ್ನ ನಾಚಿಕೆಯನ್ನು ನಾವು ಹಂಚಿಕೊಂಡು ಹೊತ್ತಿದ್ದೇವೆ.

ಅಮ್ಮ ನೀನು ಕೇಳದಿದ್ದರೂ ಆಶೀರ್ವಾದ ಕಳಿಸಿದ್ದಾಳೆ. ಅದರ ಜೊತೆಗೆ ನನ್ನದನ್ನು ಸೇರಿಸಿಲ್ಲ.

ನಿನ್ನ ಅಕ್ಕ,
ನೆರೇಯ್ದಾ

ಮತ್ತೆ: ಲಕೋಟೆ ಅಂಟಿಸಿಯಾಗಿತ್ತು, ಹರಿದು ಬರೆಯುತ್ತಿದ್ದೇನೆ. ಈಗ ಹೋಟೆಲಿನ ಕಾವಲುಗಾರ ಚೇಪೆ ಬಂದಿದ್ದ, ಕೈಯಲ್ಲಿ ಅಮ್ಮನ ನೀಲಿ ಅಂಚಿನ ಬಟ್ಟಲು. ಶುಕ್ರವಾರ ಸಂಜೆ ನಾನು ಮಲಗಿದ್ದಾಗ ಅವಳೇ ಕುಂಟುತ್ತಾ ಹೋಗಿ, "ಎಡಗಾಲು ಮಡಚಿ ಹಾರ್ತಾನಲ್ಲ, ಅವನಿಗೆ ಕೊಡು" ಅಂತ ಪಾಯಸ ಕೊಟ್ಟು ಬಂದಿದ್ದಳಂತೆ. ನೀನು ಅವನ ಕಾವಲು ಗೂಡಿನ ಹಿಂದೆ ನಿಂತುಕೊಂಡೇ ತಿಂದೆಯಂತೆ, ಬೆರಳಲ್ಲಿ ಬಳಿದು ತಿಂದೆಯಂತೆ. ಅಮ್ಮ ಬಟ್ಟಲು ತೆಗೆದುಕೊಂಡು ಮೊದಲು ಒಳಗೆ ನೋಡಿದಳು, ಮಗುಚಿ ಕೆಳಗೂ ನೋಡಿದಳು. ಹೋಟೆಲಿನ ಸಾಬೂನಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ದಂಡೆ ತುಂಬಾ ಚಿಪ್ಪು ಬಿದ್ದಿತ್ತಲ್ಲೋ ರದಮೇಸ್, ಬಗ್ಗಿ ಒಂದನ್ನಾದರೂ ಎತ್ತಿ ಹಾಕುವುದಕ್ಕೆ ನಿನಗೆ ಏನಾಗಿತ್ತು?